ಊರ ನಡುವಿನ ಆಫೀಸಿಗೆ ದಿನಾ ಬೈಕಲ್ಲಿ ಹೋಗುವವರು ಯಾರಿದ್ದೀರಿ? ನನ್ನ ಎಡಗೈ ಬಿದ್ದುಹೋಗುತ್ತಿದೆ

ಹೊಸಸವಾರ:
ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಬಸ್ ಬಿಟ್ಟು ಬೈಕ್ ಹಿಡಿದೆ. ಮನೆಯಿಂದ ಆಫೀಸಿಗೆ 14 ಕಿ.ಮೀ. ಮೊದಲ 10 ಕಿ.ಮೀ. ಅಗಲ ರಸ್ತೆ, ಏನಾದರೂ ಗುನುಗಿಕೊಂಡು ಬರಬಹುದು. ಕೊನೆಯ 4 ಕಿ.ಮೀ. ಊರ ನಟ್ಟನಡುವೆ. ನನ್ನ ಗೋಳು ಶುರುವಾಗುವುದು ಅಲ್ಲಿ.

ಬೈಕ್ 150 ಸಿಸಿ, ಐದು ಗೇರ್, ಸೆಕೆಂಡ್ ಹ್ಯಾಂಡ್. ಓಡಿಸಲು ಬರುತ್ತದೆ, ಆದರೆ ಇಷ್ಟು ಟ್ರಾಫಿಕ್ಕಿನಲ್ಲಿ ದಿನಾ ಓಡಿಸಿದ್ದಿಲ್ಲ. ಆಫೀಸು ತಲುಪುವ ಹೊತ್ತಿಗೆ ಎಡಗೈ ಮರಗಟ್ಟಿರುತ್ತದೆ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಯಾರಾದರೂ ಗುಡ್ ಮಾರ್ನಿಂಗ್ ಅಂದರೆ ಜಗಳಕ್ಕೆ ಬಂದರೇನೋ ಅನಿಸುತ್ತದೆ.

ಬಸ್ಸಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಹಿಡಿಯುತ್ತಿತ್ತು. ಬೈಕಲ್ಲಿ ಅರ್ಧ ಗಂಟೆಗೆ ಬಂದುಬಿಡುತ್ತೇನೆ ಎಂದುಕೊಂಡಿದ್ದೆ. ಸಂದಿಗೊಂದಿಯಲ್ಲಿ ನುಗ್ಗಿ, ಲೇನ್ ಬದಲಿಸಿ, ಹಳದಿ ದೀಪಕ್ಕೆ ಎಳೆದು, ಏನೇ ಸರ್ಕಸ್ ಮಾಡಿದರೂ 40 ನಿಮಿಷಕ್ಕಿಂತ ಕಮ್ಮಿ ಆಗುತ್ತಿಲ್ಲ. ನಿನ್ನೆ ಒಂದು ಕಾರಿನ ಬಾಗಿಲು ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ತೆರೆದುಕೊಂಡಿತು. ಜೀವ ಬಾಯಿಗೆ ಬಂತು.

ನೀವೆಲ್ಲ ವರ್ಷಗಟ್ಟಲೆ ಇದನ್ನೇ ಮಾಡುತ್ತಿದ್ದೀರಲ್ಲ, ಹೇಗೆ? ನಾನು ಎಲ್ಲಿ ಎಡವುತ್ತಿದ್ದೇನೆ?

ಬಸ್ಸೇವಾಸಿ:
ಬಸ್ ಬಿಟ್ಟಿರಲ್ಲ, ಅಲ್ಲೇ.

ಹಳೇಚೈನ್:
ಮೇಲಿನವರು ಎಲ್ಲ ಚರ್ಚೆಯಲ್ಲೂ ಇದೇ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಸಸವಾರ, ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ನನ್ನದು. ನೀವು ಬರೆದದ್ದರಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಎಡಗೈ ಅಲ್ಲ, ಆ ಅರ್ಧ ಗಂಟೆ. ಅದನ್ನು ತಲೆಯಲ್ಲಿ ಇಟ್ಟುಕೊಂಡು ಹೊರಟರೆ ದಿನಾ ಸೋತೇ ಆಫೀಸಿಗೆ ಬರುತ್ತೀರಿ.

ಒಂದು ಸಣ್ಣ ಲೆಕ್ಕ. ಎರಡು ಸಿಗ್ನಲ್ ನಡುವೆ 200 ಮೀಟರ್ ಇದೆ ಎಂದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ 24 ಸೆಕೆಂಡ್. 50ರಲ್ಲಿ ಹೋದರೆ ಹದಿನಾಲ್ಕೂವರೆ ಸೆಕೆಂಡ್ ಹತ್ತಿರ. ಉಳಿದದ್ದು ಹತ್ತು ಸೆಕೆಂಡೂ ಇಲ್ಲ. ಆ ಹತ್ತು ಸೆಕೆಂಡನ್ನು ನೀವು ಮನೆಗೆ ಒಯ್ಯುವುದಿಲ್ಲ, ಮುಂದಿನ ಕೆಂಪು ದೀಪದ ಹತ್ತಿರ ನಿಂತು ಖರ್ಚು ಮಾಡುತ್ತೀರಿ. ಅಷ್ಟರಲ್ಲಿ 30ರಲ್ಲಿ ಬಂದವನು ಪಕ್ಕದಲ್ಲಿ ಬಂದು ನಿಲ್ಲುತ್ತಾನೆ, ನಿಮ್ಮ ಮುಖ ನೋಡುತ್ತಾನೆ. ಅವನು ಗೇರ್ ಎರಡು ಸಲ ಬದಲಿಸಿದ್ದರೆ ನೀವು ಆರು ಸಲ ಬದಲಿಸಿರುತ್ತೀರಿ. ಕೈ ನೋಯದೆ ಏನು ಮಾಡುತ್ತದೆ?

ಈಗ ಇನ್ನೊಂದು ಲೆಕ್ಕ, ಇದು ನನ್ನ ನಿದ್ದೆ ಕೆಡಿಸಿದ್ದು. ಏನೋ ಅಡ್ಡ ಬಂತು, ನೀವು ನೋಡಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯಿತು. 50ರಲ್ಲಿ ಆ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗಿರುತ್ತೀರಿ. 30ರಲ್ಲಿ ಬರುವವನು ಒಣ ರಸ್ತೆಯಲ್ಲಿ ಸರಿಯಾಗಿ ಬ್ರೇಕ್ ಹಿಡಿದರೆ ಸುಮಾರು 13 ಮೀಟರಿಗೆ ಪೂರ್ತಿ ನಿಂತೇಬಿಟ್ಟಿರುತ್ತಾನೆ. ಅಂದರೆ ಅವನು ನಿಂತ ಜಾಗದಲ್ಲಿ ನೀವಿನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಇದನ್ನು ಒಂದು ಸಲ ಕಾಗದದ ಮೇಲೆ ಗೀಚಿ ನೋಡಿ.

ಹತ್ತು ದಿನ ಒಂದು ಕೆಲಸ ಮಾಡಿ. ಐದು ದಿನ ಈಗ ಬರುವ ಹಾಗೆಯೇ ಬನ್ನಿ. ಐದು ದಿನ ಯಾರನ್ನೂ ಹಿಂದೆ ಹಾಕುವ ಹಟವಿಲ್ಲದೆ ಬನ್ನಿ. ಎರಡನ್ನೂ ಬರೆದಿಡಿ, ಆಮೇಲೆ ಮಾತಾಡೋಣ.

ಗ್ರೀಸ್‌ಕೈ:
ಲೆಕ್ಕ ಎಲ್ಲ ಸರಿ ಅಣ್ಣಾ, ಪಾಪ ಅವರ ಕೈ ನೋವಿಗೆ ಮೊದಲು ಮದ್ದು ಹೇಳೋಣ. ನಾನು ರಿಪೇರಿ ಮಾಡುವವನು. ದಿನಾ ಇಂಥವರನ್ನು ನೋಡುತ್ತೇನೆ.

ಸೆಕೆಂಡ್ ಹ್ಯಾಂಡ್ ಬೈಕ್ ಅಂದಿರಿ. ಹಾಗಾದರೆ ಕ್ಲಚ್ ಕೇಬಲ್ ನೋಡಿ. ಲಿವರ್ ಹತ್ತಿರ ಕೇಬಲ್ ಹೊರಬರುವ ಜಾಗದಲ್ಲಿ ರಬ್ಬರ್ ಬೂಟ್ ಇರುತ್ತದೆ, ಅದನ್ನು ಸರಿಸಿ. ಒಳಗೆ ತಂತಿಯ ಎಳೆ ಒಂದೆರಡು ಬಿಚ್ಚಿಕೊಂಡು ಮೀಸೆ ಥರ ನಿಂತಿದ್ದರೆ ಕೇಬಲ್ ಬದಲಿಸಿ, ಯೋಚನೆ ಮಾಡಬೇಡಿ. ಅದು ಕಿತ್ತುಹೋಗುವುದು ಯಾವಾಗಲೂ ನಾಲ್ಕು ರಸ್ತೆ ಸೇರುವ ಜಾಗದಲ್ಲೇ. ತಂತಿ ಚೆನ್ನಾಗಿದ್ದು ಎಳೆತ ಗಟ್ಟಿ ಇದ್ದರೆ ಕೇಬಲ್ ಒಳಗೆ ಒಣಗಿದೆ ಅಂತ ಅರ್ಥ. ಎಣ್ಣೆ ಬಿಡಿ, ಇಲ್ಲವೇ ಹೊಸದೇ ಹಾಕಿಸಿ. ಒಣ ಕೇಬಲ್ಲಿಗೂ ಹೊಸ ಕೇಬಲ್ಲಿಗೂ ಇರುವ ವ್ಯತ್ಯಾಸ ನೋಡಿ ಎಷ್ಟೋ ಜನ "ಬೈಕೇ ಬೇರೆ ಆಯ್ತು" ಅಂದಿದ್ದಾರೆ.

ಎರಡನೆಯದು ಲಿವರ್ ಕೋನ. ಹೆಚ್ಚಿನ ಬೈಕಲ್ಲಿ ಲಿವರ್ ಮೇಲಕ್ಕೆ ಎದ್ದಿರುತ್ತದೆ. ಸೀಟ್ ಮೇಲೆ ಮಾಮೂಲಿಯಾಗಿ ಕೂತು ಕೈ ಚಾಚಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಮಣಿಕಟ್ಟು ಮೇಲಕ್ಕೆ ಮಡಚಬಾರದು. ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಿ ಬಿಗಿ ಮಾಡಿ. ಎರಡು ನಿಮಿಷದ ಕೆಲಸ.

ಮೂರನೆಯದು ಹಾಫ್ ಕ್ಲಚ್, ಅಂದರೆ ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟುಕೊಂಡೇ ಓಡಿಸುವುದು. ನಿಮ್ಮ ಕೈ ನೋವಿಗೆ ಟ್ರಾಫಿಕ್ ಅರ್ಧ ಕಾರಣ, ಹಾಫ್ ಕ್ಲಚ್ ಇನ್ನರ್ಧ. ಮುಂದಿನ ಕಾರು ಮೂರು ಅಡಿ ಸರಿದ ಕೂಡಲೇ ನೀವೂ ಮೂರು ಅಡಿ ಸರಿಯುತ್ತೀರಿ, ಅಲ್ವಾ? ಅದನ್ನು ಬಿಡಿ. ಅವನು ಮುಂದೆ ಹೋಗಲಿ. ಒಂದು ಹದಿನೈದು ಇಪ್ಪತ್ತು ಅಡಿ ಖಾಲಿ ಆದ ಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಹೋಗಿ. ನಡಿಗೆಗಿಂತ ಸ್ವಲ್ಪ ಜೋರಾಗಿ ಬೈಕ್ ತಾನೇ ಹೋಗುತ್ತದೆ. ಓಲಾಡುತ್ತದೆ ಅನಿಸಿದರೆ ಹಿಂದಿನ ಬ್ರೇಕನ್ನು ಸುಮ್ನೆ ತಾಗಿಸಿಕೊಂಡಿರಿ, ನೆಟ್ಟಗಾಗುತ್ತದೆ. ಐದು ಸಲ ಹಿಡಿದು ಬಿಡುವ ಕಡೆ ಒಂದು ಸಲ ಸಾಕು. ಕೈಯೂ ಉಳಿಯುತ್ತದೆ, ಕ್ಲಚ್ ಪ್ಲೇಟೂ ಉಳಿಯುತ್ತದೆ.

ಮತ್ತೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕೈ ಕೆಳಗಿಳಿಸಿ, ಬೆರಳು ಬಿಚ್ಚಿ ಮಡಚಿ.

ಎರಡನೇಗೇರ್:
ಗ್ರೀಸ್‌ಕೈ ಅವರೇ, ಬೇರೆಲ್ಲ ಒಪ್ಪಿದೆ. ಕೊನೆಯ ಸಾಲು ಒಪ್ಪಲು ಆಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಸಿಗ್ನಲ್ಲಿನಲ್ಲಿ ಸಾಲಿನ ಕೊನೆಯಲ್ಲಿ ನ್ಯೂಟ್ರಲ್ ಮಾಡಿ ನಿಂತಿದ್ದೆ. ಕೈಗವಸು ಸರಿ ಮಾಡಿಕೊಳ್ಳುತ್ತಿದ್ದೆ. ಹಿಂದಿನಿಂದ ಒಂದು ವ್ಯಾನ್ ಬಂತು, ಓಡಿಸುವವನ ಕಣ್ಣು ಮಡಿಲಲ್ಲಿದ್ದ ಫೋನಿನ ಮೇಲೆ. ಟೈರ್ ಕಿರುಚಿದ್ದು ಕೇಳಿಸಿ ತಿರುಗುವಷ್ಟರಲ್ಲಿ ನನ್ನ ನಂಬರ್ ಪ್ಲೇಟ್ ಮಡಚಿತ್ತು. ಮೆಲ್ಲಗೆ ತಾಗಿತು, ಬಿದ್ದೆ, ಮೊಣಕೈ ತರಚಿತು, ಅಷ್ಟೇ. ಗೇರಿನಲ್ಲಿ ಇದ್ದಿದ್ದರೆ, ಕನ್ನಡಿ ನೋಡುತ್ತಾ ಇದ್ದಿದ್ದರೆ, ಪಕ್ಕಕ್ಕೆ ಜಾರಿಕೊಳ್ಳಲು ಜಾಗ ಇತ್ತು.

ಅವತ್ತಿನಿಂದ ನಾನು ನಿಲ್ಲುವುದೇ ಬೇರೆ ಥರ. ಮುಂದಿನ ಕಾರಿನ ನೇರ ಹಿಂದೆ ನಿಲ್ಲುವುದಿಲ್ಲ, ಅದರ ಒಂದು ಮೂಲೆಗೆ ಸರಿದು ನಿಲ್ಲುತ್ತೇನೆ. ಮೊದಲ ಗೇರ್, ಕಣ್ಣು ಕನ್ನಡಿಯಲ್ಲಿ, ಬ್ರೇಕ್ ದೀಪವನ್ನು ಎರಡು ಮೂರು ಸಲ ಮಿಟುಕಿಸುತ್ತೇನೆ. ನನ್ನ ಹಿಂದೆ ಎರಡು ಗಾಡಿ ಬಂದು ನಿಂತ ಮೇಲೆ ನ್ಯೂಟ್ರಲ್.

ಗ್ರೀಸ್‌ಕೈ:
ಮೇಡಂ, ನೀವು ಹೇಳಿದ್ದೇ ಸರಿ. ನಾನು ಕ್ಲಚ್ ಪ್ಲೇಟ್ ಬಗ್ಗೆ ಯೋಚಿಸಿದೆ, ನೀವು ಬೆನ್ನಿನ ಬಗ್ಗೆ ಯೋಚಿಸಿದಿರಿ. ಪ್ಲೇಟ್ ಅಂಗಡಿಯಲ್ಲಿ ಸಿಗುತ್ತದೆ.

ನಿದ್ದೆಗಣ್ಣು:
ಇಷ್ಟೆಲ್ಲ ಯಾಕೆ, ಗೇರಿಲ್ಲದ ಸ್ಕೂಟರ್ ತಗೊಳ್ಳಿ. ಊರೊಳಗೆ ಗೇರ್ ಬೈಕ್ ಓಡಿಸುವುದು ಪುಳಕಕ್ಕೆ ಅಷ್ಟೇ.

ಹಳೇಚೈನ್:
ಇದು ಹೊಸ ಮಾತೇನಲ್ಲ. ಎಡಗೈಗೆ ಕ್ಲಚ್ಚೇ ಇಲ್ಲದ ಹೋಂಡಾ ಸೂಪರ್ ಕಬ್ 1958ರಲ್ಲೇ ಬಂತು. ಒಳಗಿನ ಕ್ಲಚ್ ತಿರುಗುವ ವೇಗಕ್ಕೆ ತಾನೇ ಹಿಡಿಯುತ್ತದೆ, ಗೇರ್ ಮಾತ್ರ ಕಾಲಲ್ಲಿ. ಈಗಿನ ಸ್ಕೂಟರುಗಳಲ್ಲಿ ಇರುವಂಥ ಬೆಲ್ಟ್ ಗೇರನ್ನು ಹಾಲೆಂಡಿನ ಡಾಫ್ ಕಂಪನಿ ಕಾರಿಗೆ ಹಾಕಿ ತೋರಿಸಿದ್ದೂ ಅದೇ ವರ್ಷ. ಸೂಪರ್ ಕಬ್ 2017ರ ಹೊತ್ತಿಗೆ ಹತ್ತು ಕೋಟಿ ದಾಟಿತು. ಎಡಗೈ ನೋವು ಎಷ್ಟು ಜನರಿಗಿತ್ತು ನೋಡಿ!

ಆದರೂ ಇರುವ ಬೈಕ್ ಮಾರಿ ಸ್ಕೂಟರ್ ತಗೊಳ್ಳಿ ಎಂದು ಮೂರನೇ ವಾರಕ್ಕೇ ಹೇಳುವುದಿಲ್ಲ. ಸ್ಕೂಟರಿನ ಸಣ್ಣ ಚಕ್ರ ರಸ್ತೆ ಗುಂಡಿಗೆ ಬೈಕಿನಷ್ಟು ಸಲೀಸಲ್ಲ. ಎಲೆಕ್ಟ್ರಿಕ್ ಆದರೆ ಕ್ಲಚ್ಚೂ ಇಲ್ಲ, ನಿಂತಾಗ ತೊಡೆಗೆ ಬಿಸಿಯೂ ಇಲ್ಲ. ಸದ್ದೂ ಇಲ್ಲ, ಅದೊಂದು ತಾಪತ್ರಯ. ನಡೆದು ಹೋಗುವವರು ಕಿವಿ ನಂಬಿ ರಸ್ತೆಗಿಳಿಯುತ್ತಾರೆ.

ಹೊಸಸವಾರ:
ಕೇಬಲ್ ನೋಡಿದೆ. ಮೀಸೆ ಬಂದಿದೆ! ನಾಲ್ಕು ಎಳೆ ಕಿತ್ತಿವೆ. ನಾಳೆಯೇ ಬದಲಿಸುತ್ತೇನೆ. ಲಿವರ್ ಇಳಿಸಿದೆ, ಇವತ್ತೇ ವ್ಯತ್ಯಾಸ ಗೊತ್ತಾಯಿತು.

ಇನ್ನೊಂದು ಕೇಳಬೇಕು. ನಿಂತ ಕಾರುಗಳ ನಡುವಿನ ಸಂದಿಯಲ್ಲಿ ಹೋಗುವುದು ಸರಿಯೋ ತಪ್ಪೋ? ಹೋಗದೇ ಇದ್ದರೆ ಬೈಕ್ ಯಾಕೆ ಬೇಕು? ಹೋದರೆ ನಿನ್ನೆಯ ಬಾಗಿಲು.

ಕಾರಿನವನು:
ನಾನು ಕಾರಿನವನು, ಬೈಯಬೇಡಿ. ಸುಮ್ನೆ ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಗಾಜಿನ ಎರಡೂ ಪಕ್ಕ ಛಾವಣಿ ಹೊತ್ತ ಕಂಬ ಇದೆಯಲ್ಲ, ಅದರ ಹಿಂದೆ ಒಂದು ಬೈಕ್ ಪೂರ್ತಿ ಮಾಯವಾಗುತ್ತದೆ. ಸುಳ್ಳಲ್ಲ. ಕೂತ ಜಾಗದಿಂದ ತಲೆ ಮುಂದೆ ಹಿಂದೆ ಆಡಿಸಿದರೆ ಮಾತ್ರ ಕಾಣುತ್ತದೆ, ಎಲ್ಲರೂ ಆಡಿಸುವುದಿಲ್ಲ. ನೀವು ಬರುವ ವೇಗವೂ ನಾನು ತಿರುಗುವ ವೇಗವೂ ಹೊಂದಿಬಿಟ್ಟರೆ ನೀವು ಅಷ್ಟೂ ಹೊತ್ತು ಆ ಕಂಬದ ಹಿಂದೆಯೇ ಇರುತ್ತೀರಿ.

ಇನ್ನು ಕಂಡರೂ, ಬೈಕಿನ ಮುಖ ಸಣ್ಣದು. ಸಣ್ಣದು ದೂರ ಇದೆ ಎಂದೇ ಕಣ್ಣು ಲೆಕ್ಕ ಹಾಕುತ್ತದೆ. "ಇನ್ನೂ ದೂರ ಇದ್ದಾನೆ" ಎಂದುಕೊಂಡು ತಿರುಗಿಸಿಬಿಡುತ್ತೇವೆ. ನಾನೇ ಒಮ್ಮೆ ಹಾಗೆ ಮಾಡಿದೆ. ಆ ಹುಡುಗ ಹೇಗೋ ನಿಲ್ಲಿಸಿದ. ಹೆಲ್ಮೆಟ್ ಗಾಜು ಎತ್ತಿ ಒಂದು ಮಾತೂ ಆಡದೆ ನನ್ನನ್ನೇ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇಗೇರ್:
ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಇದು ಹಳೇ ರೋಗ. 1981ರಲ್ಲಿ ಅಮೆರಿಕದಲ್ಲಿ ಹರ್ಟ್ ವರದಿ ಅಂತ ಬಂತು. ಲಾಸ್ ಏಂಜಲೀಸ್ ಸುತ್ತಮುತ್ತ ಆದ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ನೋಡಿ ಬರೆದದ್ದು. ಬೈಕಿಗೂ ಇನ್ನೊಂದು ಗಾಡಿಗೂ ಆದ ಡಿಕ್ಕಿಗಳಲ್ಲಿ ಜಾಸ್ತಿ ಕಂಡದ್ದು ಇದೇ: ಎದುರಿನಿಂದ ಬಂದ ಕಾರು ಬೈಕಿನ ದಾರಿಗೆ ಅಡ್ಡ ತಿರುಗುವುದು. "ನೋಡಲೇ ಇಲ್ಲ" ಎಂಬುದೇ ಹೆಚ್ಚಿನವರ ಉತ್ತರ.

ಹಾಗಾಗಿ ನಾನು ಡ್ರೈವರ್ ಮುಖ ನೋಡುವುದನ್ನು ಬಿಟ್ಟೆ. ಕಣ್ಣಿಗೆ ಕಣ್ಣು ಸೇರಿತು ಅಂದರೆ ಅವನು ನನ್ನನ್ನು ಕಂಡ ಅಂತಲ್ಲ. ಈಗ ನೋಡುವುದು ಮುಂದಿನ ಚಕ್ರ. ಚಕ್ರ ಸುಳ್ಳು ಹೇಳುವುದಿಲ್ಲ. ಇಂಡಿಕೇಟರ್ ಹಾಕದೆ ತಿರುಗುವವನ ಚಕ್ರವೂ ತಿರುಗಲೇಬೇಕಲ್ಲ.

ಬಟ್ಟೆ ವಿಷಯಕ್ಕೂ ಒಂದು ಮಾತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮಾಡಿದ ಒಂದು ಅಧ್ಯಯನ 2004ರಲ್ಲಿ ಬಂತು. ಹೊಳೆಯುವ ಇಲ್ಲವೇ ಬೆಳಕು ಹಿಂತಿರುಗಿಸುವ ಬಟ್ಟೆ ಹಾಕಿದವರಿಗೆ ಅಪಘಾತದಲ್ಲಿ ಪೆಟ್ಟಾಗುವ ಅಪಾಯ ಶೇ. 37ರಷ್ಟು ಕಮ್ಮಿ ಕಂಡಿತು. ಕಪ್ಪು ಹೆಲ್ಮೆಟ್‌ಗಿಂತ ಬಿಳಿ ಹೆಲ್ಮೆಟ್‌ನವರಿಗೆ ಶೇ. 24 ಕಮ್ಮಿ. ಅದನ್ನು ಓದಿದ ಮೇಲೆ ನನ್ನ ಚೆಂದದ ಕಪ್ಪು ಹೆಲ್ಮೆಟ್ ಅಟ್ಟ ಸೇರಿತು. ಹೊಟ್ಟೆ ಉರಿಯಿತು, ಆದರೂ ಸೇರಿತು.

ಹಳೇಚೈನ್:
ಸಂದಿ ವಿಷಯ. ಮೊದಲು, ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ನೋಡಿ. ಒಂದೊಂದು ಕಡೆ ಒಂದೊಂದು ಥರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರಲ್ಲಿ ಸಂದಿಯಲ್ಲಿ ಹೋಗಲು ಬಿಟ್ಟಿತು, ಆದರೆ ಗಂಟೆಗೆ 30 ಕಿ.ಮೀ. ದಾಟಬಾರದು ಎಂಬ ಷರತ್ತು ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಮೊದಲಿಂದ ಜನ ಹೋಗುತ್ತಲೇ ಇದ್ದರು, 2016ರಲ್ಲಿ ಕಾನೂನಿನಲ್ಲೇ ಬರೆದರು. ಅದಕ್ಕೂ ಒಂದು ವರ್ಷ ಮೊದಲು ಬರ್ಕ್ಲಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದರು. ಪಕ್ಕದ ಗಾಡಿಗಳಿಗಿಂತ ನಮ್ಮ ವೇಗ ಗಂಟೆಗೆ 15 ಮೈಲಿಗಿಂತ ಜಾಸ್ತಿ ಇಲ್ಲದಿದ್ದರೆ, ಅಂದರೆ ಸುಮಾರು 24 ಕಿ.ಮೀ., ಅಪಾಯ ಅಷ್ಟಾಗಿ ಏರುವುದಿಲ್ಲ. ಅದರಾಚೆ ಏರುತ್ತದೆ.

ನನ್ನ ಪಾಡಿಗೆ ನಾನು ಇನ್ನೂ ಜಿಪುಣ. ಕಾರುಗಳು ಪೂರ್ತಿ ನಿಂತಿದ್ದರೆ ಮಾತ್ರ ಹೋಗುತ್ತೇನೆ, ಅದೂ ಓಡುವವನ ವೇಗದಲ್ಲಿ. ಎರಡು ಬೆರಳು ಮುಂದಿನ ಬ್ರೇಕ್ ಮೇಲೆ. ಸಾಲು ಚಲಿಸಲು ಶುರುವಾದರೆ ಎಲ್ಲಿದ್ದೇನೋ ಅಲ್ಲೇ ಒಂದು ಜಾಗ ಹಿಡಿದು ಸಾಲಿಗೆ ಸೇರುತ್ತೇನೆ. ಜನ ಲೇನ್ ಬದಲಿಸುವುದು ಆಗಲೇ. ಪಕ್ಕದ ಸಾಲು ಮುಂದೆ ಹೋಯಿತು, ನನ್ನದು ನಿಂತಿದೆ ಎಂಬ ಸಂಕಟ ಕಾರಿನವರಿಗೂ ಇರುತ್ತದಲ್ಲ.

ದೊಡ್ಡ ಗಾಡಿಗೂ ಗೋಡೆಗೂ ನಡುವೆ ಹೋಗಬೇಡಿ. ಎರಡು ಬಸ್ಸಿನ ನಡುವೆಯಂತೂ ಬೇಡವೇ ಬೇಡ. ಬಸ್ಸು ತಿರುಗುವಾಗ ಅದರ ಹಿಂದಿನ ಚಕ್ರ ಒಳಗಿನಿಂದ ಸುತ್ತುತ್ತದೆ, ಆ ಜಾಗ ಮೊದಲು ಖಾಲಿ ಕಾಣುತ್ತದೆ, ಆಮೇಲೆ ಇರುವುದೇ ಇಲ್ಲ.

ಬಾಗಿಲು ತೆರೆಯುವುದನ್ನು ಮೊದಲೇ ಹಿಡಿಯಬಹುದು. ಬಾಡಿಗೆ ಕಾರು, ಹಿಂದಿನ ಸೀಟಿನಲ್ಲಿ ಜನ, ಕಾರು ನಿಂತಿದೆ, ಒಳಗೆ ದೀಪ ಹೊತ್ತಿತು ಇಲ್ಲವೇ ಒಂದು ತಲೆ ಚೀಲ ಎತ್ತಿಕೊಳ್ಳಲು ಬಗ್ಗಿತು. ಅಷ್ಟು ಕಂಡರೆ ನಿಲ್ಲಿ. ನಿನ್ನೆಯ ಕಾರನ್ನು ನೆನಪು ಮಾಡಿಕೊಳ್ಳಿ, ಇವುಗಳಲ್ಲಿ ಒಂದಾದರೂ ಇತ್ತಾ?

ಹೊಸಸವಾರ:
ಹಿಂದಿನ ಸೀಟಿನಲ್ಲಿ ಒಬ್ಬರು ಬಗ್ಗಿದ್ದರು. ನನಗೆ ಕಂಡಿತ್ತು. ಆದರೆ ನಾನು ನೋಡುತ್ತಿದ್ದದ್ದು ಸಿಗ್ನಲ್ಲಿನ ಅಂಕಿ, ಇನ್ನು ಎಷ್ಟು ಸೆಕೆಂಡ್ ಇದೆ ಅಂತ.

ಕಾರಿನವನು:
ಸಂದಿಯಲ್ಲಿ ಹೋಗುವವರ ಮೇಲೆ ನನ್ನ ದೂರು ಒಂದೇ. ಕನ್ನಡಿ ಮಡಚಿಬಿಟ್ಟು ಹೋಗುತ್ತೀರಲ್ಲ! ಒಂದು ಸಲ ಕೈ ಎತ್ತಿ ಸಾರಿ ಅಂದರೆ ಸಾಕು.

ನಿದ್ದೆಗಣ್ಣು:
ಆದರೂ ಬೈಕಿನವರಿಂದ ಕಾರಿನವರಿಗೂ ಲಾಭ ಇದೆ ಸರ್. ಬೆಲ್ಜಿಯಂನಲ್ಲಿ 2011ರಲ್ಲಿ ಲೂವೆನ್‌ನಿಂದ ಬ್ರಸೆಲ್ಸ್‌ಗೆ ಹೋಗುವ ದಾರಿಯ ಟ್ರಾಫಿಕ್ಕನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಕಾರಿನವರಲ್ಲಿ ನೂರಕ್ಕೆ ಹತ್ತು ಜನ ಬೈಕಿಗೆ ಬಂದರೆ ಎಲ್ಲರೂ ಕಳೆದುಕೊಳ್ಳುವ ಸಮಯ ಶೇ. 40 ಕಮ್ಮಿಯಾಗುತ್ತದೆ ಎಂದು ಬಂತು. ಲಂಡನ್ನಿನಲ್ಲಿ 2003ರಿಂದ ಊರ ನಡುವೆ ಕಾರು ತಂದರೆ ಶುಲ್ಕ, ಬೈಕಿಗೆ ಇಲ್ಲ. ಅಂದರೆ ನಾವು ಸಮಾಜ ಸೇವೆ ಮಾಡುತ್ತಿದ್ದೇವೆ.

ಬಸ್ಸೇವಾಸಿ:
ಆ ಹತ್ತು ಜನ ಬಸ್ಸಿಗೆ ಬಂದರೆ ಇನ್ನೂ ಕಮ್ಮಿ ಆಗುತ್ತದೆ. ಕಂಪ್ಯೂಟರ್ ಬೇಡ ಅದಕ್ಕೆ.

ಮಳೆಹುಳು:
ಹೊಸಸವಾರ ಇನ್ನೂ ಮಳೆ ನೋಡಿಲ್ಲ ಅನಿಸುತ್ತದೆ. ನೋಡುವ ಮೊದಲೇ ಹೇಳಿಬಿಡುತ್ತೇನೆ.

ಜೋರು ಮಳೆಗಿಂತ ಭಯ ಪಡಬೇಕಾದ್ದು ಬಹಳ ದಿನದ ಬಿಸಿಲಿನ ನಂತರ ಬೀಳುವ ಮೊದಲ ಹತ್ತು ಹದಿನೈದು ನಿಮಿಷದ ತುಂತುರಿಗೆ. ರಸ್ತೆಯಲ್ಲಿ ಕೂತಿರುವ ಎಣ್ಣೆ, ಧೂಳು, ರಬ್ಬರ್ ಎಲ್ಲ ನೀರಿನ ಜತೆ ಕಲಸಿ ಲೋಳೆ ಆಗುತ್ತದೆ. ಚೆನ್ನಾಗಿ ಸುರಿದರೆ ತೊಳೆದುಹೋಗುತ್ತದೆ. ತುಂತುರು ತೊಳೆಯುವುದಿಲ್ಲ, ಕಲಸುತ್ತದೆ ಅಷ್ಟೇ. ಆ ಹೊತ್ತು ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸಿ ರೈನ್‌ಕೋಟ್ ಹಾಕಿಕೊಳ್ಳಿ, ನಿಧಾನವಾಗಿ ಹಾಕಿಕೊಳ್ಳಿ.

ಊರ ನಡುವೆ ಜಾರುವ ಜಾಗಗಳೇ ಜಾಸ್ತಿ. ರಸ್ತೆ ದಾಟಲು ಬಳಿದ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಅಗೆದ ಗುಂಡಿಯ ಮೇಲೆ ಹಾಸಿದ ಕಬ್ಬಿಣದ ತಗಡು, ಟ್ರಾಮ್ ಇರುವ ಊರಾದರೆ ಹಳಿ. ಇವುಗಳ ಮೇಲೆ ಬ್ರೇಕೂ ಬೇಡ, ತಿರುಗಿಸುವುದೂ ಬೇಡ, ನೆಟ್ಟಗೆ ದಾಟಿ. ಸಿಗ್ನಲ್ಲಿನಲ್ಲಿ ಕಾಲಿಡುವ ಮೊದಲು ಕೆಳಗೆ ನೋಡಿ. ಬೈಕ್ ನಿಂತಿತು, ಕಾಲು ಪಟ್ಟೆಯ ಮೇಲೆ ಇಟ್ಟೆ, ಕಾಲು ಹೊರಟೇಹೋಯಿತು. ನಿಂತ ಜಾಗದಲ್ಲಿ, ಶೂನ್ಯ ವೇಗದಲ್ಲಿ, ಐವತ್ತು ಜನರ ಮುಂದೆ ಬಿದ್ದಿದ್ದೇನೆ ನಾನು.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಡೀಸೆಲ್. ಚೆಂದ ಅಂತ ನೋಡುತ್ತಾ ಹೋಗಬೇಡಿ, ಎಲ್ಲಿ ನೋಡುತ್ತೀರೋ ಬೈಕ್ ಅಲ್ಲಿಗೇ ಹೋಗುತ್ತದೆ.

ಎಬಿಎಸ್ ಇದೆಯಾ ನಿಮ್ಮ ಬೈಕಿಗೆ? ಚಕ್ರ ಲಾಕ್ ಆಗಲು ಹೊರಟ ಕೂಡಲೇ ಬ್ರೇಕನ್ನು ಕ್ಷಣಕ್ಕೆ ಸಡಿಲಿಸಿ ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಎಷ್ಟೋ ಸಲ. ಬಿಎಂಡಬ್ಲ್ಯೂ 1988ರಲ್ಲಿ ಮೊದಲು ಬೈಕಿಗೆ ಹಾಕಿತು. ಇಲ್ಲದಿದ್ದರೂ ಚಿಂತೆಯಿಲ್ಲ, ಆದರೆ ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನೇ ತುಳಿಯುವ ಚಟ ಬಿಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರ ಜಾರುತ್ತದೆ, ನಿಲ್ಲಿಸುವುದಿಲ್ಲ. ಮುಂದಿನದನ್ನು ಗಬಕ್ಕನೆ ಹಿಡಿಯದೆ, ಸ್ಪಂಜು ಹಿಂಡಿದ ಹಾಗೆ ಹಿಂಡುತ್ತಾ ಹೋಗಿ. ರಜೆಯ ದಿನ ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿ.

ಗ್ರೀಸ್‌ಕೈ:
ಮಳೆ ಅಂದಿದ್ದಕ್ಕೆ ಟೈರ್ ನೆನಪಾಯಿತು. ಸೆಕೆಂಡ್ ಹ್ಯಾಂಡ್ ಬೈಕಲ್ಲಿ ಟೈರಿನ ಹೂವು, ಅಂದರೆ ಮೇಲಿನ ಗೀರುಗಳು, ಚೆನ್ನಾಗಿ ಕಂಡರೂ ಟೈರ್ ಹಳತಾಗಿ ಗಟ್ಟಿಯಾಗಿರಬಹುದು. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ ಇಪ್ಪತ್ಮೂರನೇ ವಾರ. ಉಗುರು ಒತ್ತಿದರೆ ರಬ್ಬರ್ ಕೊಂಚವಾದರೂ ತಗ್ಗಬೇಕು. ಗಾಳಿಯನ್ನು ಟೈರ್ ತಣ್ಣಗಿರುವಾಗ, ಅಂದರೆ ಓಡಿಸುವ ಮೊದಲು ನೋಡಿ. ಬಿಸಿ ಟೈರ್ ಜಾಸ್ತಿ ತೋರಿಸುತ್ತದೆ.

ಎರಡನೇಗೇರ್:
ಬೆವರು ವಿಷಯ ಯಾರೂ ಹೇಳಲಿಲ್ಲ. ಬೆನ್ನಿಗೆ ಬ್ಯಾಗ್ ಹಾಕಿದರೆ ಬೆವರದೆ ಇರುತ್ತದಾ? ಬ್ಯಾಗನ್ನು ಹಿಂದಿನ ಸೀಟಿಗೆ ಕಟ್ಟಿ ಇಲ್ಲವೇ ಡಬ್ಬಿ ಹಾಕಿಸಿ. ನಾನು ಆಫೀಸಿನಲ್ಲಿ ಎರಡು ಅಂಗಿ, ಒಂದು ಟವೆಲ್, ಒಂದು ಜತೆ ಚಪ್ಪಲಿ ಇಟ್ಟಿದ್ದೇನೆ. ಬಂದ ಕೂಡಲೇ ಐದು ನಿಮಿಷ ಯಾರ ಜತೆಯೂ ಮಾತಿಲ್ಲ, ನೇರ ಬಚ್ಚಲು ಮನೆ. ಗುಡ್ ಮಾರ್ನಿಂಗ್ ಆಮೇಲೆ.

ಹೆಲ್ಮೆಟ್ಟನ್ನು ಸೆಖೆ ಅಂತ ಹ್ಯಾಂಡಲ್ಲಿಗೆ ನೇತು ಹಾಕಿ ಬರುವವರನ್ನು ದಿನಾ ನೋಡುತ್ತೇನೆ. ಅಲ್ಲಿ ನೇತಾಡಿ ಅದು ಕಾಯುವುದು ಮೊಣಕಾಲನ್ನು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ ಅಂತ ಒಂದಿದೆ. ಹೆಲ್ಮೆಟ್ ಹಾಕಿದರೆ ಸಾಯುವ ಅಪಾಯ ಶೇ. 42, ತಲೆಗೆ ಪೆಟ್ಟಾಗುವುದು ಶೇ. 69 ಕಮ್ಮಿ ಎಂದು ಅದರಲ್ಲಿದೆ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೊಕೋಲ್ ಅಪ್ಪಚ್ಚಿಯಾಗಿರುತ್ತದೆ, ಅದು ಮತ್ತೆ ಉಬ್ಬುವುದಿಲ್ಲ.

ಹೊಸಸವಾರ:
ಮೂರು ವಾರ ಕಾಣಿಸಿಕೊಳ್ಳಲಿಲ್ಲ, ಕ್ಷಮಿಸಿ. ಲೆಕ್ಕ ತಂದಿದ್ದೇನೆ.

ಅವಸರದ ಐದು ದಿನ: 39, 44, 40, 42, 40 ನಿಮಿಷ. ಸರಾಸರಿ 41.
ಅವಸರವಿಲ್ಲದ ಐದು ದಿನ: 43, 42, 44, 43, 43. ಸರಾಸರಿ 43.

ಎರಡು ನಿಮಿಷ! ಅದಕ್ಕೋಸ್ಕರ ನಾನು ಅಷ್ಟೆಲ್ಲ ಮಾಡುತ್ತಿದ್ದೆ. ಇನ್ನೊಂದು ವಿಚಿತ್ರ ಕಂಡಿತು. ನಿಧಾನವಾಗಿ ಬಂದ ದಿನ ಯಾವತ್ತೂ 44 ದಾಟಲಿಲ್ಲ, 42ಕ್ಕೆ ಇಳಿಯಲೂ ಇಲ್ಲ. ಬಸ್ಸಿನಲ್ಲಿ ಒಂದು ದಿನ 50 ನಿಮಿಷ, ಇನ್ನೊಂದು ದಿನ ಒಂದೂವರೆ ಗಂಟೆ ಆಗುತ್ತಿತ್ತು. ಈಗ ಮನೆಯಿಂದ ಎಷ್ಟು ಹೊತ್ತಿಗೆ ಹೊರಟರೆ ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಗೊತ್ತು. ನನಗೆ ಬೇಕಾಗಿದ್ದದ್ದು ಇದೇ ಇತ್ತು ಅನಿಸುತ್ತದೆ, ಅರ್ಧ ಗಂಟೆ ಅಲ್ಲ.

ಕೈ ನೋವು ಮುಕ್ಕಾಲು ಹೋಗಿದೆ. ಹದಿನೈದು ಅಡಿ ಬಿಟ್ಟು ಬರುವ ಉಪಾಯ ಅದ್ಭುತ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಹಳೇಚೈನ್:
ಸ್ವಲ್ಪ ತಿದ್ದುಪಡಿ. ನಿಧಾನದ ದಿನಗಳಲ್ಲಿ ಒಂದು 42 ಇದೆ, ನೀವೇ ಬರೆದಿದ್ದೀರಿ. ಆದರೆ ಮಾತು ಸರಿ. ಖುಷಿಯಾಯಿತು.

ಹೊಸಸವಾರ:
ಹೌದಲ್ವಾ! ಸರಿ, 42ಕ್ಕಿಂತ ಕೆಳಗೆ ಇಳಿದಿಲ್ಲ.

ಆದರೆ ಕಾಣಿಸಿಕೊಳ್ಳದೆ ಇದ್ದದ್ದಕ್ಕೆ ಬೇರೆ ಕಾರಣವೂ ಇದೆ. ಹೇಳಲು ನಾಚಿಕೆ. ಆಫೀಸಿನ ಹತ್ತಿರ ಕಳ್ಳತನ ಜಾಸ್ತಿ ಅಂತ ಡಿಸ್ಕ್ ಲಾಕ್ ತಗೊಂಡೆ. ಮುಂದಿನ ಚಕ್ರದ ಡಿಸ್ಕಿಗೆ ಹಾಕುವುದು. ಮೊದಲ ಸಂಜೆಯೇ ಅದನ್ನು ತೆಗೆಯಲು ಮರೆತೆ. ಸ್ಟಾರ್ಟ್ ಮಾಡಿದೆ, ಗೇರ್ ಹಾಕಿದೆ, ಚಕ್ರ ಅರ್ಧ ಸುತ್ತು ತಿರುಗಿತು, ಲಾಕ್ ಬಂದು ಡಿಸ್ಕನ್ನು ಹಿಡಿಯುವ ಬ್ರೇಕಿನ ಕ್ಯಾಲಿಪರಿಗೆ ಕಚ್ಚಿಕೊಂಡಿತು. ಟಕ್ ಅಂತ ಒಂದು ಸದ್ದು. ನಾನು, ಬೈಕು ಇಬ್ಬರೂ ಎಡಕ್ಕೆ, ನಿಧಾನವಾಗಿ, ಮರ ಉರುಳಿದ ಹಾಗೆ. ಎದುರು ಬಾಗಿಲಲ್ಲಿ ಇಡೀ ಅಕೌಂಟ್ಸ್ ವಿಭಾಗ ನಿಂತಿತ್ತು.

ಮಳೆಹುಳು:
ಸಂಘಕ್ಕೆ ಸ್ವಾಗತ. ಲಾಕಿನಿಂದ ಹ್ಯಾಂಡಲ್ಲಿಗೆ ಸಿಕ್ಕಿಸುವ ಸುರುಳಿ ತಂತಿ ಸಿಗುತ್ತದೆ, ಕಡು ಬಣ್ಣದ್ದು. ಅದು ಅಡ್ಡ ಇದ್ದರೆ ಮರೆಯುವುದಿಲ್ಲ. ಎಲ್ಲರೂ ಒಂದು ಸಲ ಬಿದ್ದ ಮೇಲೆಯೇ ತಗೊಳ್ಳುವುದು.

ಗ್ರೀಸ್‌ಕೈ:
ಡಿಸ್ಕ್ ಬಾಗಿದೆಯಾ ನೋಡಿಸಿ. ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಒಂದೇ ಜಾಗದಲ್ಲಿ ಉಜ್ಜುವ ಸದ್ದು ಬರಬಾರದು. ಎಡಕ್ಕೆ ಬಿದ್ದಿದ್ದರೆ ಕ್ಲಚ್ ಲಿವರ್ ಬಾಗಿರುತ್ತದೆ. ಅದನ್ನು ಬಗ್ಗಿಸಿ ನೆಟ್ಟಗೆ ಮಾಡಲು ಮಾತ್ರ ಹೋಗಬೇಡಿ, ಅಲ್ಯೂಮಿನಿಯಂ ಎರಕ ಅದು, ಪಟಕ್ಕನೆ ಮುರಿಯುತ್ತದೆ. ಹೊಸದು ಹಾಕಿಸಿ.

ಹೊಸಸವಾರ:
ಸರ್, ನೀವು ಹತ್ತು ನಿಮಿಷ ಮೊದಲು ಬರೆಯಬಾರದಿತ್ತಾ. ತುಂಡು ನನ್ನ ಕೈಯಲ್ಲೇ ಇದೆ. ನಾಳೆ ಬಸ್ಸು.

ಬಸ್ಸೇವಾಸಿ:
ಕಿಟಕಿ ಪಕ್ಕ ಒಂದು ಸೀಟು ಹಿಡಿದಿರುತ್ತೇನೆ.